ಫುಟ್‌ಬಾಲ್ ಗುರು ರಹೀಮ್

1909ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ಸೈಯದ್ ಅಬ್ದುಲ್ ರಹೀಮರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಕಲಿಸುವ ಕಲೆಯನ್ನು ಫುಟ್‌ಬಾಲ್ ಮೈದಾನಕ್ಕೂ ಕೊಂಡೊಯ್ದ ಅವರು ಮುಂದೆ ಭಾರತ ತಂಡದ ತರಬೇತುದಾರರಾದರು. ಅವರ ಕೈಯಲ್ಲಿ ಪಳಗಿದ ತಂಡವು 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗಳಿಸಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು.

1962ರಲ್ಲಿ ಜಕಾರ್ತಾ ನಗರದಲ್ಲಿ ಮತ್ತೆ ಏಷ್ಯನ್ ಕ್ರೀಡಾಕೂಟ ನಡೆದಾಗ ರಹೀಮರು ಕ್ಯಾನ್ಸರಿನಿಂದ ಬಳಲುತ್ತಿದ್ದರು. ಮೊದಲ ಪಂದ್ಯದಲ್ಲೇ ಭಾರತವು ದಕ್ಷಿಣ ಕೊರಿಯಕ್ಕೆ 2–0 ಗೋಲುಗಳಿಂದ ಸೋತಿತು. ಮುಂದಿನ ಒಂದು ಪಂದ್ಯದಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ರಹೀಮರು ಎದೆಗುಂದಲಿಲ್ಲ, ಅವರನ್ನು ಹೊರಗಿಡದೆ ಮುಂಚೂಣಿಯಲ್ಲಿ ಆಡಿಸಿದರು.

ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಎದುರಾದದ್ದು ಅದೇ ಕೊರಿಯ. ಆತಿಥೇಯ ಇಂಡೊನೇಷ್ಯವು ಇಸ್ರೇಲ್ ಮತ್ತು ತೈವಾನ್‌ಗಳನ್ನು ಕೂಟದಿಂದ ದೂರವಿಟ್ಟದ್ದನ್ನು ಭಾರತದ ಪ್ರತಿನಿಧಿಯೊಬ್ಬರು ಆಕ್ಷೇಪಿಸಿದ್ದರು. ಆದ್ದರಿಂದ ಪ್ರೇಕ್ಷಕರು ಭಾರತದ ಮೇಲೆ ಮುನಿದಿದ್ದರು. ಆ ಕೋಲಾಹಲದ ನಡುವೆಯೇ ಪಿ.ಕೆ. ಬ್ಯಾನರ್ಜಿ ಮೊದಲ ಗೋಲನ್ನೂ ಜರ್ನೈಲರು ಎರಡನೆಯದನ್ನೂ ಹೊಡೆದರು. ಭಾರತ 2–1ರಿಂದ ಗೆದ್ದಿತು.

1963ರ ಜೂನ್ ತಿಂಗಳಿನಲ್ಲಿ ರಹೀಮರು ನಿಧನರಾದರು. ಜಕಾರ್ತಾದ ಆ ಚಿನ್ನವೇ ಶಿಷ್ಯರು ಅವರಿಗೆ ಸಲ್ಲಿಸಿದ ಕೊನೆಯ ಗುರುದಕ್ಷಿಣೆಯಾಯಿತು.