ಕಾಣಿಕೆ ಮಾತೆಗೆ ಮೊದಲ ಸೂರು ಕಟ್ಟಿದ ದೊಡ್ಡ ಸ್ವಾಮಿಯವರು

ಕನ್ನಡ ನಾಡಿನ ಕಥೋಲಿಕ ಕ್ರೈಸ್ತರ ಇತಿಹಾಸದಲ್ಲಿ ಅಬ್ಬೆ ದ್ಯುಬುವಾ ಅವರ ಹೆಸರು ಚಿರಸ್ಮರಣೀಯವಾದುದು. ಅಬ್ಬೆ ಎಂಬುದು ಫ್ರೆಂಚರು ತಮ್ಮ ಗುರುಗಳಿಗೆ ಸಲ್ಲಿಸುವ ಗೌರವದ ಪದ. ನಮ್ಮ ಹಿರಿಯರಾದರೋ ಅವರನ್ನು ದೊಡ್ಡ ಸ್ವಾಮಿಯವರೆಂದೇ ಕರೆದರು. ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಿದವರು, ಸಿಡುಬಿನ ಮಾರಿಗೆ ಎದುರಾಗಿ ಜನರಿಗೆ ದಾಕು ಹಾಕಿಸಿದವರು, ಬೆಂಗಳೂರಿನ ಶಿವಾಜಿನಗರದಲ್ಲಿ ಇಂದು ಬಸಿಲಿಕವಾಗಿ ಶೋಭಿಸುತ್ತಿರುವ ಸಂತ ಮರಿಯಮ್ಮನವರ ದೇವಾಲಯಕ್ಕೆ ಮೊದಲ ಹುಲ್ಲಿನ ಸೂರು ಹೊದಿಸಿದವರು ಇವರೇ. ಇಂತಹ ಗುರುಗಳು ನಮ್ಮ ಹಬ್ಬದ ಮೆರವಣಿಗೆಗಳನ್ನು ಕಂಡು ನಾಚಿಕೆಪಟ್ಟರೆಂಬುದು ಅನೇಕರಿಗೆ ತಿಳಿಯದು. ದೇವಮಾತೆಗೆ ಸಲ್ಲುವ ಗೌರವ ಎಲ್ಲಿಯವರೆಗೆ, ಅದು ಯಾವ ರೀತಿಯದಾಗಿರಬೇಕು ಎಂಬ ಪ್ರಶ್ನೆ ಅವರ ಬಾಳಿನುದ್ದಕ್ಕೂ ಹೆಣೆದುಕೊಂಡು ಬಂದಿದೆ. ಶತಮಾನೋತ್ಸವದ ಈ ಸಂದರ್ಭದಲ್ಲಿ ಆ ಬಾಳನ್ನು ಸ್ಮರಿಸುವುದು ನಮಗೆ ಹಿತಕರವೆಂದು ಭಾವಿಸುತ್ತೇವೆ.

ಜೀನ್ ಆಂತ್ವಾನ್ ದ್ಯುಬುವಾ ಅವರು ದಕ್ಷಿಣ ಫ್ರಾನ್ಸಿನ ಆರ್ದೆಷ್ ಪ್ರಾಂತ್ಯದ ಸೇಂಟ್ ರೆಮೆಜ್ ಎಂಬ ಹಳ್ಳಿಯವರು. 1766ರ ಜನವರಿಯಲ್ಲಿ ಅಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. 1792ರಲ್ಲಿ ಗುರುಪಟ್ಟ ಸ್ವೀಕರಿಸಿದರು. ಫ್ರಾನ್ಸಿನ ಮಹಾಕ್ರಾಂತಿಯು ಧರ್ಮಸಭೆಯ ಮೇಲೆ ಕೆಂಡ ಕಾರುತ್ತಿದ್ದ ವರ್ಷವದು. ಅದೇ ವರ್ಷ ಅವರು ಪ್ಯಾರಿಸ್ ವಿದೇಶಾಂಗ ಮಿಶನ್ ಸಂಸ್ಥೆಯ ಗುರುಗಳಾಗಿ ಭಾರತಕ್ಕೆ ಹೊರಟು ಪುದುಚೇರಿಯನ್ನು ಸೇರಿದರು. ಮೊದಲ ಕೆಲವು ವರ್ಷಗಳು ತಮಿಳು ಸೀಮೆಯಲ್ಲಿ ಕಳೆದವು. ಅಲ್ಲಿಯೇ ಅವರು ಈ ದೇಶದ ಉಡುಪನ್ನು ತೊಟ್ಟು, ಇಲ್ಲಿಯ ಊಟೋಪಚಾರಗಳನ್ನು ರೂಢಿಸಿಕೊಂಡು, ಜನರ ನಡೆನುಡಿಗಳನ್ನು ತಮ್ಮವನ್ನಾಗಿ ಮಾಡಿಕೊಂಡರು.

ಮೈಸೂರು ರಾಜ್ಯದಲ್ಲಿ ಕ್ರೈಸ್ತಧರ್ಮವು ಆಗ ಹೊಸತೇನೂ ಆಗಿರಲಿಲ್ಲ. ಸುಮಾರು ಒಂದೂವರೆ ಶತಮಾನದ ಹಿಂದೆಯೇ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಶುಭಸಂದೇಶವನ್ನು ಸಾರಿದ್ದರು. ಆದರೆ 1773ರಲ್ಲಿ ಯೇಸುಸಭೆಯು ರದ್ದಾದ ಮೇಲೆ ಮಂದೆಗೆ ಕುರುಬರು ವಿರಳರಾದರು. ಟಿಪ್ಪು ಸುಲ್ತಾನರ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಸಾವಿರಾರು ಕಥೋಲಿಕರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಬಂದರು. ಅನೇಕರು ಬಲವಂತದಿಂದ ಮತಾಂತರ ಹೊಂದಿದರು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ನಂತರ, ಹೀಗೆ ದಿಕ್ಕುಗೆಟ್ಟಿದ್ದ ಕ್ರೈಸ್ತರನ್ನು ಮರಳಿ ಕೂಡಿಸುವ ಹೊಣೆ ಅಬ್ಬೆಯವರ ಹೆಗಲಿಗೆ ಬಂತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿರುವ ಹಳೆಯ ದೇವಾಲಯವನ್ನು ಜನರು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಜನರ ಆತ್ಮದ ಚಿಂತೆಯಷ್ಟೇ ಅವರ ಹೊಟ್ಟೆಬಟ್ಟೆಗಳ ಚಿಂತೆಯೂ ಅಬ್ಬೆಯವರಿಗಿತ್ತು. ನೆಲೆಯಿಲ್ಲದವರಿಗೆ ನೆಲ ದೊರಕಿಸಿ ಒಕ್ಕಲುತನದ ನೆಲೆಗಳನ್ನು ಸ್ಥಾಪಿಸಿದರು. ಹಾಸನದ ಬಳಿಯ ಸಾತಹಳ್ಳಿಯ ಕ್ರೈಸ್ತ ಒಕ್ಕಲುಗಳು ಅವರ ಹೆಸರನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳೆರಡೂ 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿರುವುದರಿಂದ, ಕಡೂರು ಸೀಮೆಯ ನಮಗೆ ಸಾತಹಳ್ಳಿಯವರು ಒಂದೇ ಮನೆಯ ಅಣ್ಣತಮ್ಮಂದಿರು. 1803-04ರಲ್ಲಿ ಸಿಡುಬು ಹಬ್ಬಿದಾಗ, ಯೂರೋಪಿನಲ್ಲಿ ಆಗತಾನೆ ಬಳಕೆಗೆ ಬಂದಿದ್ದ ದಾಕನ್ನು ಅಬ್ಬೆಯವರು ಮೈಸೂರು ಸೀಮೆಯಲ್ಲಿ ಪ್ರಚಾರಕ್ಕೆ ತಂದರು. ಸಿಡುಬನ್ನು ದೇವಿಯ ಮುನಿಸೆಂದು ಭಾವಿಸಿ ಅಂಜುತ್ತಿದ್ದ ಜನರ ಮನವೊಲಿಸಿ ಅವರು ದಾಕು ಹಾಕಿಸಿದವರ ಸಂಖ್ಯೆ 25,432 ಎಂದು ದಾಖಲೆಯಿದೆ.

ಈ ದೇಶದ ಜನರ ಆಚಾರ ವಿಚಾರಗಳನ್ನು ಕುರಿತು ಅವರು ಫ್ರೆಂಚ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸರ ಮೂಲಕ ಅದು ಮದರಾಸಿನ ಗವರ್ನರ್ ಬೆಂಟಿಂಕರ ಕಣ್ಣಿಗೆ ಬಿದ್ದಿತು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಹಸ್ತಪ್ರತಿಯನ್ನು ಕೊಂಡುಕೊಂಡಿತು. ಅದರ ಇಂಗ್ಲಿಷ್ ಅನುವಾದದಿಂದ ಅಬ್ಬೆಯವರು ಜಗತ್ಪ್ರಸಿದ್ಧರಾದರು. ಗ್ರಂಥದ ಬಹುಭಾಗವು ಅವರಿಗಿಂತ ಹಿಂದೆ ಇದ್ದ ಯೇಸುಸಭೆಯ ಗುರು ಕೇರ್ದೂ ಅವರ ಬರಹವನ್ನು ಆಧರಿಸಿದುದೆಂದು 1987ರಲ್ಲಿ ಫ್ರೆಂಚ್ ವಿದ್ವಾಂಸರು ಸಿದ್ಧಪಡಿಸಿ ತೋರಿಸಿದ್ದಾರೆ. ಈ ದೇಶದವರ ವಿಷಯದಲ್ಲಿ ಅದರಲ್ಲಿರುವ ಕಠಿಣ ಮಾತುಗಳಲ್ಲಿ ಎಷ್ಟೋ ಇಂದು ಒಪ್ಪತಕ್ಕವಲ್ಲ. ಮಹನೀಯರ ಚರಿತ್ರೆಯನ್ನು ಹೇಳುವಾಗ ಅವರ ಕುಂದುಗಳನ್ನು ಮುಚ್ಚುವುದು ಅವರಿಗೆ ಗೌರವ ತರುವ ಕೆಲಸವಲ್ಲ.

ಇನ್ನು ಕಾಣಿಕೆ ಮಾತೆಯ ವಿಷಯ. ಜಿಂಜಿಯ ಕಡೆಯಿಂದ ವಲಸೆ ಬಂದ ಕೆಲವು ಕ್ರೈಸ್ತ ಕುಟುಂಬಗಳು ಬೆಂಗಳೂರು ಕೋಟೆಯ ಹೊರಗೆ ಗದ್ದೆಗಳ ನಡುವೆ ನೆಲಸಿದ್ದವು. ಬಿಳಿ ಅಕ್ಕಿ ಬೆಳೆಯುತ್ತಿದ್ದ ಆ ಸ್ಥಳಕ್ಕೆ ಬಿಳಿಅಕ್ಕಿಪಳ್ಳಿ ಎಂಬ ಹೆಸರಿತ್ತೆಂದು ಹೇಳುತ್ತಾರೆ. ಇಂಗ್ಲಿಷರ ಬಾಯಲ್ಲಿ ಅದು ಬ್ಲ್ಯಾಕ್‌ಪಲ್ಲಿಯಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅಬ್ಬೆಯವರು ಅಲ್ಲಿಗೆ ಬಂದು, ಹುಲ್ಲು ಹೊದಿಸಿದ ಪುಟ್ಟ ಗುಡಿಯೊಂದನ್ನು ಮಾಡಿಸಿ ಬಲಿಪೂಜೆ ಅರ್ಪಿಸಿದರು. ಕಾಣಿಕೆ ಮಾತೆಯ ದೇವಾಲಯವೆಂದು ಅದು ಹೆಸರಾಯಿತು. ಶಿಶು ಯೇಸುವನ್ನು ಜೆರುಸಲೇಮಿನ ದೇವಾಲಯಕ್ಕೆ ಕೊಂಡೊಯ್ದು ದೇವರಿಗೆ ಕಾಣಿಕೆಯಾಗಿ ಒಪ್ಪಿಸಿದ ತಾಯಿಯನ್ನು ಈ ಹೆಸರು ನಮ್ಮ ನೆನಪಿಗೆ ತರುತ್ತದೆ.

ಜನರು ಆ ತಾಯಿಯನ್ನು ತಮಗೆ ತಿಳಿದ ರೀತಿಯಲ್ಲಿ ಗೌರವಿಸಿದರು. ಹೂವಿನ ಸರಗಳಿಂದ ಸಿಂಗರಿಸಿದ ತೇರು, ರಾತ್ರಿಯ ಮೆರವಣಿಗೆ, ಪಂಜುಗಳು, ತಮಟೆ ಕಹಳೆಗಳ ಮೊಳಗು, ಬಾಣಬಿರುಸು ಇವೆಲ್ಲವೂ ಅಂದಿನ ಕ್ರೈಸ್ತರ ಹಬ್ಬಗಳಲ್ಲಿ ಇದ್ದವು. ಜೈಮಿನಿ ಭಾರತದ ಲಕ್ಷ್ಮೀಶ ಕವಿಯ ಊರೆಂದು ಹೆಸರಾದ ದೇವನೂರಿನ ಸೀಮೆಯಲ್ಲಿ ಬಾಳುವ ನಮಗೆ ತೇರು ಉತ್ಸವಗಳೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನೆರೆಯವರು ಆನಂದಪಡುವ ರೀತಿಯಲ್ಲಿಯೇ ಕ್ರೈಸ್ತರೂ ಆನಂದಪಟ್ಟರು. ಆದರೆ ಅಬ್ಬೆಯವರಿಗೆ ಇದರಿಂದ ಸಂಕೋಚವಾಗುತ್ತಿತ್ತು. ಆ ಗದ್ದಲದಲ್ಲಿ ಭಕ್ತಿಯು ಮರೆಯಾಗುತ್ತಿದೆಯೆಂದೂ, ನೋಡುವ ಹೊರಗಿನವರಿಗೆ ಕ್ರೈಸ್ತಧರ್ಮದ ತಿರುಳು ಕಾಣದೆ ಆಡಂಬರವೊಂದೇ ಕಾಣುವುದೆಂದೂ ಅವರು ನೊಂದುಕೊಂಡರು. ತಮ್ಮ ಈ ನಾಚಿಕೆಯನ್ನು ಮುಂದೆ ಅಚ್ಚಿನಲ್ಲಿಯೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು.

ಹಾಗೆ ಅಚ್ಚಾದ ಪುಸ್ತಕವೇ ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಗಳನ್ನು ಕುರಿತ ಪತ್ರಗಳ ಸಂಗ್ರಹ. ಇದು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ವೇಳೆಗೆ ಪ್ರಾಟೆಸ್ಟಂಟ್ ಮಿಶನರಿಗಳು ಕನ್ನಡ ನಾಡಿಗೆ ಬಂದಿದ್ದರು. 1810ರಲ್ಲಿ ಲಂಡನ್ ಮಿಶನ್ನಿನವರು ಬಳ್ಳಾರಿಯಲ್ಲಿ ನೆಲೆಯೂರಿ ಬೈಬಲನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಕೈಗೊಂಡಿದ್ದರು. ಧರ್ಮಗ್ರಂಥವನ್ನು ಜನರ ಕೈಗಿತ್ತರೆ ಧರ್ಮವು ತಾನಾಗಿಯೇ ಬೇರೂರುವುದೆಂಬ ಭರವಸೆ ಅವರದು. ಅಬ್ಬೆಯವರು ಇದನ್ನು ಒಪ್ಪಲಿಲ್ಲ. ಕೇವಲ ಪುಸ್ತಕದಿಂದ ಈ ದೇಶದ ಜನರ ಹೃದಯವು ಕರಗದು. ಕ್ರೈಸ್ತಧರ್ಮದ ಯಾವುದಾದರೊಂದು ರೂಪವು ಇಲ್ಲಿ ಬೇರೂರುವುದಾದರೆ ಅದು ಕಥೋಲಿಕ ರೂಪವೇ. ಏಕೆಂದರೆ ಅದರಲ್ಲಿ ಪೂಜೆಯಿದೆ, ತೀರ್ಥವಿದೆ, ಉಪವಾಸವಿದೆ, ಹಬ್ಬವಿದೆ, ಸಂತರ ಸ್ವರೂಪಗಳೂ ಮೆರವಣಿಗೆಗಳೂ ಇವೆ ಎಂದು ವಾದಿಸಿದರು. ಪ್ರಾಟೆಸ್ಟಂಟರು ಇದನ್ನೇ ವಿಗ್ರಹಾರಾಧನೆ ಎಂದು ಜರೆಯುತ್ತಿದ್ದುದು ಅವರಿಗೆ ತಿಳಿಯದ ಸಂಗತಿಯಲ್ಲ.

ಆದರೆ ಅಬ್ಬೆಯವರ ಮನಸ್ಸು ಆಗ ನಿರಾಶೆಯಿಂದ ತುಂಬಿತ್ತು. ಅಷ್ಟು ದೀರ್ಘಕಾಲದ ಸೇವೆಯಲ್ಲಿ ತಾವು ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರು ಮುನ್ನೂರು ಮಂದಿಯಷ್ಟೇ ಎಂದು ಲೆಕ್ಕ ಹೇಳಿ, ಕಥೋಲಿಕ ರೂಪಕ್ಕೇ ದಕ್ಕದ ಜಯ ಬೇರೆಯವರಿಗೆ ದಕ್ಕೀತೇ ಎಂದು ಸಂದೇಹಿಸಿದರು. ಇಲ್ಲಿಯ ಆಚಾರಗಳೊಡನೆ ಹೊಂದಿಕೊಂಡು ನಡೆಯುವ ವಿಷಯದಲ್ಲಿ ಗುರುಗಳಲ್ಲಿಯೇ ಎದ್ದ ವಾದವಿವಾದಗಳೂ, ಇಲ್ಲಿಗೆ ಬಂದ ಯೂರೋಪಿಯನ್ನರ ಕೆಟ್ಟ ನಡತೆಯೂ ಧರ್ಮದ ಬೆಳವಣಿಗೆಗೆ ಧಕ್ಕೆ ತಂದವೆಂದು ಅವರು ಕಂಡುಕೊಂಡಿದ್ದರು. ಭಾರತದಲ್ಲಿ ಕ್ರೈಸ್ತಧರ್ಮದ ಕಾಲ ಮುಗಿಯುತ್ತ ಬಂದಿದೆಯೆಂಬುದೇ ಅವರ ತೀರ್ಮಾನವಾಗಿತ್ತು.

ಪ್ರಾಟೆಸ್ಟಂಟರು ಸುಮ್ಮನಿರಲಿಲ್ಲ. ತಿರುನೆಲ್ವೇಲಿಯ ಕಡೆ ಕೆಲಸಮಾಡಿದ್ದ ಜೇಮ್ಸ್ ಹಫ್ ಅವರೂ, ಬಂಗಾಳದಲ್ಲಿದ್ದ ಹೆನ್ರಿ ಟೌನ್ಲಿಯವರೂ 1824ರಲ್ಲಿ ಬೇರೆಬೇರೆಯಾಗಿ ಉತ್ತರಗಳನ್ನು ಪ್ರಕಟಿಸಿದರು. ಒಬ್ಬ ಗುರುವಿನ ಸೋಲು ಶುಭಸಂದೇಶದ ಸೋಲಲ್ಲ ಎಂಬುದು ಅವರ ವಾದದ ಸಾರ. ಸ್ವರೂಪಗಳನ್ನೂ ಮೆರವಣಿಗೆಗಳನ್ನೂ ಮುಂದಿಟ್ಟು ಬೈಬಲನ್ನು ಹಿಂದಿಟ್ಟುದೇ ತಪ್ಪೆಂಬುದು ಅವರ ಪಕ್ಷದವರ ದೃಢವಾದ ನಂಬಿಕೆಯಾಗಿತ್ತು.

ಈ ವಾದದ ಮೂಲದಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ. ಆರಾಧನೆಯು ದೇವರೊಬ್ಬರಿಗೇ ಸಲ್ಲತಕ್ಕದ್ದು. ಇದರಲ್ಲಿ ಕಥೋಲಿಕರಿಗೂ ಪ್ರಾಟೆಸ್ಟಂಟರಿಗೂ ಭಿನ್ನಾಭಿಪ್ರಾಯವಿಲ್ಲ. 431ರಲ್ಲಿ ಎಫೆಸದ ಮಹಾಸಭೆಯು ಮರಿಯಮ್ಮನವರನ್ನು ದೇವಮಾತೆ ಎಂದು ಸಾರಿತು. ಆ ಬಿರುದಿನ ಉದ್ದೇಶ, ಆಕೆಯಲ್ಲಿ ಹುಟ್ಟಿದವರು ನಿಜವಾಗಿ ದೇವರೇ ಎಂದು ಸಾರುವುದು. 787ರ ನೈಸಿಯಾದ ಎರಡನೆಯ ಮಹಾಸಭೆಯು ಆರಾಧನೆಯನ್ನೂ ಗೌರವವನ್ನೂ ಬೇರೆಬೇರೆಯಾಗಿ ವಿಂಗಡಿಸಿತು. ಸ್ವರೂಪದ ಮುಂದೆ ಸಲ್ಲಿಸಿದ ಗೌರವವು ಮರಕ್ಕಾಗಲಿ ಬಣ್ಣಕ್ಕಾಗಲಿ ಸಲ್ಲದೆ, ಅದು ಸೂಚಿಸುವ ವ್ಯಕ್ತಿಗೆ ಸಲ್ಲುತ್ತದೆಂದು ಬೋಧಿಸಿತು. ಸಂತರೆಲ್ಲರಿಗಿಂತ ಹೆಚ್ಚಿನ ಗೌರವ ಮಾತೆಗೆ. ಆದರೆ ಅದು ಆರಾಧನೆಯಲ್ಲ. ಇದು ಧರ್ಮಸಭೆಯ ಬೋಧನೆ.

ಪ್ರಾಟೆಸ್ಟಂಟ್ ಸುಧಾರಣೆಯ ನಾಯಕರಾದ ಲೂಥರರು ಸಹ ಮಾತೆಯನ್ನು ಹೀಯಾಳಿಸಿದವರಲ್ಲ. 1521ರಲ್ಲಿ ಅವರು ಮರಿಯಮ್ಮನವರ ಸ್ತುತಿಗೀತೆಗೆ ಭಕ್ತಿಪೂರ್ಣವಾದ ವ್ಯಾಖ್ಯಾನವನ್ನು ಬರೆದರು. ನಮ್ಮ ನೆರೆಯ ಪ್ರಾಟೆಸ್ಟಂಟ್ ಬಾಂಧವರು ಆಕೆಯನ್ನು ಪ್ರಭುವಿನ ತಾಯಿಯೆಂದೂ ವಿಶ್ವಾಸಕ್ಕೆ ಆದರ್ಶವೆಂದೂ ಮನ್ನಿಸುತ್ತಾರೆ. ಕ್ರಿಸ್ತರೊಬ್ಬರೇ ಮಧ್ಯಸ್ಥರಾಗಿರುವಾಗ ಆಕೆಯಲ್ಲಿ ಬಿನ್ನವಿಸಿಕೊಳ್ಳುವುದು ಸಲ್ಲದೆಂಬುದು ಅವರ ಅಳುಕು. ಕಥೋಲಿಕರ ಉತ್ತರ ಸರಳವಾದುದು. ನಮಗಾಗಿ ಪ್ರಾರ್ಥಿಸೆಂದು ನೆರೆಮನೆಯ ಭಕ್ತರನ್ನು ಕೇಳಿಕೊಳ್ಳುವುದರಿಂದ ಕ್ರಿಸ್ತರ ಮಧ್ಯಸ್ಥಿಕೆಗೆ ಕೊರತೆಯಾಗದಿದ್ದರೆ, ಅವರ ತಾಯಿಯನ್ನು ಕೇಳಿಕೊಳ್ಳುವುದರಿಂದಲೂ ಆಗದು. ಆದರೂ ಆ ಅಳುಕು ನಮ್ಮ ಮನಸ್ಸಿನಲ್ಲಿಯೂ ಸ್ವಲ್ಪ ಇರುವುದು ಒಳ್ಳೆಯದೇ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ, ಮಾತೆಯ ವಿಷಯದಲ್ಲಿ ಅತಿಶಯೋಕ್ತಿಯೂ ಬೇಡ, ಸಂಕುಚಿತ ಮನಸ್ಸೂ ಬೇಡವೆಂದು ಎಚ್ಚರಿಸಿದುದು ಇದೇ ಕಾರಣದಿಂದ. 2005ರಲ್ಲಿ ಆಂಗ್ಲಿಕನರೂ ಕಥೋಲಿಕರೂ ಕೂಡಿ ಮಾತೆಯನ್ನು ಕುರಿತು ಒಮ್ಮತದ ಹೇಳಿಕೆಯೊಂದನ್ನು ಪ್ರಕಟಿಸಿರುವುದು ಸಂತೋಷದ ಸಂಗತಿ.

ಮತ್ತೆ ಅಬ್ಬೆಯವರ ಕಥೆಗೆ ಬರೋಣ. ಮೂವತ್ತು ವರ್ಷಗಳಿಗೂ ಮೀರಿದ ಸೇವೆಯ ತರುವಾಯ, 1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟರು, ಮತ್ತೆ ಬರಲಿಲ್ಲ. ಕಂಪನಿಯು ಅವರಿಗೆ ವಿಶ್ರಾಂತಿ ವೇತನವನ್ನು ಗೊತ್ತುಮಾಡಿತು. ಪ್ಯಾರಿಸ್ಸಿನ ರ್ಯು ದ್ಯು ಬಾಕ್ ಬೀದಿಯಲ್ಲಿರುವ ತಮ್ಮ ಸಂಸ್ಥೆಯ ಗುರುಮಠದಲ್ಲಿ ಅವರು ದೂರದೇಶಗಳಿಗೆ ಹೊರಡುವ ತರುಣ ಗುರುಗಳನ್ನು ತರಬೇತುಗೊಳಿಸಿದರು. 1836ರಿಂದ 1839ರವರೆಗೆ ಅಲ್ಲಿಯ ಶ್ರೇಷ್ಠರಾಗಿದ್ದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ಅನುವಾದಿಸಿದರು. ಈ ದೇಶದ ಕ್ರೈಸ್ತಧರ್ಮದ ಬಗ್ಗೆ ನಿರಾಶರಾದರೂ ಈ ದೇಶವನ್ನು ಅವರು ಮರೆಯಲಿಲ್ಲ.

ಅದೇ ರ್ಯು ದ್ಯು ಬಾಕ್ ಬೀದಿಯಲ್ಲಿ, ಕೆಲವೇ ಕಟ್ಟಡಗಳ ಆಚೆ, ಸಂತ ವಿನ್ಸೆಂಟರ ಸೇವಾಭಗಿನಿಯರ ಮಠವಿದೆ. ಅಲ್ಲಿಯ ಕ್ಯಾಥರೀನ್ ಲಬೂರೆ ಎಂಬ ಎಳೆಯ ಸನ್ಯಾಸಿನಿಗೆ 1830ರಲ್ಲಿ ದೇವಮಾತೆಯು ದರ್ಶನವಿತ್ತರೆಂದು ಕಥೋಲಿಕರು ನಂಬುತ್ತಾರೆ. ಅದರ ನೆನಪಿಗಾಗಿ ಹುಟ್ಟಿದ ಪವಾಡ ಪದಕವು ಇಂದು ನಮ್ಮ ಹಳ್ಳಿಗಳ ಮಕ್ಕಳ ಕೊರಳಲ್ಲಿಯೂ ಇದೆ. ಕಾಣಿಕೆ ಮಾತೆಯ ಗುಡಿಯನ್ನು ಕಟ್ಟಿದ ವೃದ್ಧ ಗುರುಗಳು ಆಗ ಅದೇ ಬೀದಿಯ ನಿವಾಸಿಗಳಾಗಿದ್ದರು. 1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲಿಯೇ ಅವರು ಪರಮಪದವನ್ನೈದಿದರು.

ಬೆಂಗಳೂರಿನಲ್ಲಿ ಅವರು ಹೊದಿಸಿದ ಹುಲ್ಲಿನ ಸೂರು ಮಾಯವಾಯಿತು. ಅವರು ಮುಗಿಯಿತೆಂದು ಬಗೆದ ಭಕ್ತಿ ಮಾತ್ರ ಮುಗಿಯಲಿಲ್ಲ. ಪುದುಚೇರಿಯಿಂದ ಬಂದ ತಮಿಳು ಗುರುಗಳೊಬ್ಬರು ಆ ಗುಡಿಯನ್ನು ವಿಸ್ತರಿಸಿದರು. 1875ರಿಂದ ಕ್ಲೈನರ್ ಸ್ವಾಮಿಯವರ ನೇತೃತ್ವದಲ್ಲಿ ಗೋಥಿಕ್ ಶೈಲಿಯ ಭವ್ಯ ದೇವಾಲಯ ಎದ್ದು, 1882ರ ಸೆಪ್ಟೆಂಬರ್ 8ರಂದು, ಮಾತೆಯ ಜನ್ಮದಿನದಂದೇ, ಪ್ರತಿಷ್ಠೆಗೊಂಡಿತು. 1970ರ ದಶಕದಲ್ಲಿ ಪೋಪ್ ಆರನೆಯ ಪೌಲರು ಅದಕ್ಕೆ ಬಸಿಲಿಕದ ಪದವಿಯನ್ನು ಅನುಗ್ರಹಿಸಿದರು. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಸೀರೆಯುಟ್ಟ ಮಾತೆಯ ಸ್ವರೂಪವು ತೇರನ್ನೇರಿ ಹೊರಟಾಗ, ಕ್ರೈಸ್ತರೊಡನೆ ಅನ್ಯಧರ್ಮೀಯರೂ ಲಕ್ಷೋಪಲಕ್ಷವಾಗಿ ಕೂಡುತ್ತಾರೆ.

ಅಬ್ಬೆಯವರ ಭವಿಷ್ಯವಾಣಿ ಹೀಗೆ ಸುಳ್ಳಾಯಿತು. ಆದರೆ ಅವರ ಸಂಕೋಚವು ಸುಳ್ಳಾಗಲಿಲ್ಲ. ತೇರಿನ ಎತ್ತರವನ್ನು ಪಕ್ಕದ ಊರಿನ ತೇರಿನೊಡನೆ ಹೋಲಿಸುವಾಗ, ಬಾಣಬಿರುಸಿಗೆ ಕೂಡಿಸಿದಷ್ಟು ಹಣವನ್ನು ಬಡವರಿಗಾಗಿ ಕೂಡಿಸಲಾರದೆ ಹೋದಾಗ, ಹಬ್ಬದ ದಿನ ಮಾತೆಯ ಮುಂದೆ ನೂಕುನುಗ್ಗಲಾಗಿ ನಿಂತು ಭಾನುವಾರ ಅವರ ಮಗನ ಬಲಿಪೂಜೆಗೆ ಬಾರದಿದ್ದಾಗ, ದೊಡ್ಡ ಸ್ವಾಮಿಯವರ ನಾಚಿಕೆ ನಮ್ಮ ನಾಚಿಕೆಯೂ ಆಗಬೇಕು. ಕಾನಾ ಊರಿನ ಮದುವೆಯಲ್ಲಿ ಮಾತೆಯು ಸೇವಕರಿಗೆ ಹೇಳಿದ್ದು ತನ್ನ ಮಗ ಹೇಳಿದಂತೆ ಮಾಡಬೇಕೆಂದು ಮಾತ್ರ. ಆಕೆಯ ಕಡೆಗೆ ಹೋದವರನ್ನು ಆಕೆ ತನ್ನಲ್ಲಿಯೇ ನಿಲ್ಲಿಸಿಕೊಳ್ಳುವುದಿಲ್ಲ.

ಕಾಣಿಕೆ ಮಾತೆ ಎಂಬ ಹೆಸರಿನಲ್ಲಿಯೇ ಈ ಪಾಠವಿದೆ. ಮಾತೆಯ ಬಳಿಗೆ ಕಾಣಿಕೆ ತರುವವರು ನಾವು. ಆದರೆ ಮೊದಲು ಕಾಣಿಕೆ ಕೊಟ್ಟವರು ಆಕೆ, ಆ ಕಾಣಿಕೆ ಯೇಸುಸ್ವಾಮಿಯೇ. ನಮ್ಮ ಜಪಸರ, ನಮ್ಮ ನೊವೆನ, ನಮ್ಮ ತೇರು ಇವೆಲ್ಲವೂ ಆಕೆಯ ತೋಳಿನಲ್ಲಿರುವ ಆ ಶಿಶುವಿನ ಕಡೆಗೆ ನಮ್ಮನ್ನು ನಡೆಸುವುದಾದರೆ, ಭಿನ್ನಮತದ ಬಾಂಧವರಿಗೆ ನಾವು ಬೇರೆ ಉತ್ತರವನ್ನು ಹುಡುಕಬೇಕಾಗಿಲ್ಲ. ದೊಡ್ಡ ಸ್ವಾಮಿಯವರ ಆತ್ಮಕ್ಕೆ ದೇವರು ನಿತ್ಯ ವಿಶ್ರಾಂತಿಯನ್ನು ಕರುಣಿಸಲಿ.