ಆಣೆಯಿಡದ ನಾಲಗೆ

ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತದ ಡ್ರೇಟನ್ ಎಂಬ ಹಳ್ಳಿಯಲ್ಲಿ, ನೇಕಾರನೊಬ್ಬನ ಮಗನಾಗಿ ಜಾರ್ಜ್ ಫಾಕ್ಸ್ 1624ರಲ್ಲಿ ಜನಿಸಿದನು. ಹುಡುಗನನ್ನು ಜೋಡು ಹೊಲಿಯುವವನೊಬ್ಬನ ಬಳಿ ಕೆಲಸಕ್ಕೆ ಬಿಟ್ಟರು. ಯಜಮಾನನಿಗೆ ಉಣ್ಣೆಯ ವ್ಯಾಪಾರವೂ ಇತ್ತು. ಕೊಡುಕೊಳ್ಳುವಲ್ಲಿ ಜಾರ್ಜ್ ಒಮ್ಮೆ ದಿಟವೆಂದು ನುಡಿದನೆಂದರೆ ಮತ್ತೆ ಕದಲುವವನಲ್ಲವೆಂಬುದನ್ನು ಸುತ್ತಲಿನವರು ಬಲ್ಲವರಾಗಿದ್ದರು.

ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ 1643ರಲ್ಲಿ ಅವನು ಮನೆ ಬಿಟ್ಟನು. ಯಾವ ಪಾದ್ರಿಯಿಂದಲೂ ನೆಮ್ಮದಿ ಕಾಣದೆ ಅಲೆದು, ಕ್ರಿಸ್ತನ ಬೆಳಕು ಪ್ರತಿಯೊಬ್ಬನ ಅಂತರಂಗದಲ್ಲಿಯೂ ಉಂಟೆಂಬ ನಂಬಿಕೆಗೆ ಬಂದನು. ಅವನ ಸುತ್ತ ಕೂಡಿದ ಮಿತ್ರರನ್ನು ಜನ ಹಾಸ್ಯಕ್ಕೆ ಕ್ವೇಕರರು, ಎಂದರೆ ನಡುಗುವವರು, ಎಂದು ಕರೆದರು.

ಈ ನಡುಗುವವರು ಆಣೆಯಿಡಲು ಮಾತ್ರ ಒಪ್ಪಲಿಲ್ಲ. ಬೆಟ್ಟದ ಮೇಲಿನ ಉಪದೇಶದಲ್ಲಿ ಕ್ರಿಸ್ತನು ಆಣೆಯನ್ನು ನಿಷೇಧಿಸಿದ್ದನೆಂಬುದು ಮೊದಲ ಕಾರಣ. ಇನ್ನೊಂದು ಇದಕ್ಕಿಂತ ಸೂಕ್ಷ್ಮವಾದುದು. ನ್ಯಾಯಾಲಯದಲ್ಲಿ ಆಣೆಯಿಟ್ಟು ಆಡಿದ ಮಾತೇ ನಿಜವೆಂದರೆ, ಸಂತೆಯಲ್ಲಿ, ಮನೆಯಲ್ಲಿ ಆಡುವ ಮಾತಿಗೆ ಬೇರೊಂದು ಸಡಿಲ ಅಳತೆಯನ್ನು ಒಪ್ಪಿದಂತಾಯಿತು. ಸತ್ಯಕ್ಕೆ ಎರಡು ತಕ್ಕಡಿಗಳನ್ನು ಹಿಡಿಯಲು ಅವರ ಮನಸ್ಸು ಒಪ್ಪಲಿಲ್ಲ.

1660ರಲ್ಲಿ ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಬಂದನು. ಮರುವರ್ಷವೇ ಕ್ವೇಕರರು ತಾವು ಆಯುಧ ಹಿಡಿಯುವವರಲ್ಲವೆಂದು ದೊರೆಗೆ ತಿಳಿಸಿದರು. ಆದರೂ 1662ರ ಶಾಸನವು ಪ್ರಮಾಣ ಮಾಡಲೊಪ್ಪದಿರುವುದನ್ನೇ ಅವರ ಮೇಲಣ ಅಪರಾಧವಾಗಿಸಿತು. 1664ರಲ್ಲಿ ಲ್ಯಾಂಕಾಸ್ಟರಿನ ನ್ಯಾಯಸ್ಥಾನದಲ್ಲಿ ಫಾಕ್ಸನ ಕೈಗೆ ಬೈಬಲನ್ನು ಕೊಟ್ಟು, ರಾಜನಿಷ್ಠೆಯ ಪ್ರಮಾಣ ಮಾಡೆಂದರು. ಆಣೆ ಬೇಡವೆನ್ನುವ ಗ್ರಂಥ ಸ್ವತಂತ್ರವಾಗಿರಲು, ಅದರಂತೆ ನಡೆದವನು ಸೆರೆಯಲ್ಲಿರುವುದೆಂತೆಂದು ಅವನು ಕೇಳಿದನು. ಆರೋಪಪತ್ರದ ದೋಷಗಳನ್ನು ಅವನು ಎತ್ತಿತೋರಿಸಲು ಆ ಪತ್ರವು ಬಿದ್ದುಹೋಯಿತು. ಬಿಡುಗಡೆಯ ಬದಲು ಅದೇ ಪ್ರಮಾಣವನ್ನು ಮತ್ತೆ ಮುಂದಿಟ್ಟರು! ಸುಳ್ಳಿಗೆ ಅಂಜದ ಒಳಸಂಚುಗಾರನು ಆಣೆಯಿಟ್ಟು ಮನೆಗೆ ನಡೆಯಬಹುದಾಗಿತ್ತು. ಅಂಜುವವನೇ ಬಲೆಗೆ ಬಿದ್ದನು.

ನ್ಯಾಯಾಧೀಶನೊಬ್ಬನ ವಿಧವೆಯಾದ ಮಾರ್ಗರೆಟ್ ಫೆಲ್ ಕೂಡ ಇದೇ ನಿರಾಕರಣೆಗಾಗಿ ಆಸ್ತಿಯ ಮುಟ್ಟುಗೋಲಿಗೂ ಆಜೀವ ಸೆರೆಗೂ ಗುರಿಯಾದಳು, 1668ರವರೆಗೆ ಬಂಧನದಲ್ಲಿದ್ದಳು. ಫಾಕ್ಸನನ್ನು 1665ರಲ್ಲಿ ಸ್ಕಾರ್‌ಬರೋ ಕೋಟೆಗೆ ಸಾಗಿಸಿದರು. ಕಡಲಗಾಳಿ ಮಳೆನೀರನ್ನು ಕೋಣೆಯೊಳಕ್ಕೇ ರಾಚುತ್ತಿತ್ತು. ಚಳಿಗೆ ಅವನ ಬೆರಳುಗಳು ಊದಿಕೊಂಡವು. 1666ರಲ್ಲಿ ಹೊರಬಂದನು. 1669ರಲ್ಲಿ ಅವನಿಗೂ ಮಾರ್ಗರೆಟಳಿಗೂ ವಿವಾಹವಾಯಿತು. 1673ರಲ್ಲಿ ಪುನಃ ಬಂಧಿಸಿದಾಗಲೂ ಅದೇ ಪ್ರಮಾಣ, ಅದೇ ನಿರಾಕರಣೆ. ವೂಸ್ಟರಿನಲ್ಲಿ ವರ್ಷಕ್ಕೂ ಮಿಕ್ಕ ಸೆರೆ.

1691ರ ಜನವರಿಯಲ್ಲಿ ಫಾಕ್ಸ್ ಲಂಡನ್ನಿನಲ್ಲಿ ತೀರಿಕೊಂಡನು. ಐದು ವರ್ಷಗಳ ತರುವಾಯ, 1696ರಲ್ಲಿ, ಕ್ವೇಕರರು ಆಣೆಯ ಬದಲು ಗಂಭೀರವಾದ ದೃಢೀಕರಣವನ್ನು ನುಡಿಯಬಹುದೆಂದು ಪಾರ್ಲಿಮೆಂಟು ಒಪ್ಪಿತು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಸಾಕ್ಷಿ ಹೇಳಲು ಮಾತ್ರ ಅವರು 1828ರವರೆಗೆ ಕಾಯಬೇಕಾಯಿತು. ಹಳ್ಳಿಯ ವ್ಯಾಪಾರಿಗಳು ಒಬ್ಬ ಹುಡುಗನಲ್ಲಿ ಇಟ್ಟಿದ್ದ ನಂಬಿಕೆಯನ್ನು ಅವನ ದೇಶದ ಕಾನೂನು ಕಲಿಯಲು ಅಷ್ಟು ಕಾಲ ಹಿಡಿಯಿತು.