ರಾಜಪುರುಷರಿಗೆ ಕಟ್ಟಳೆ ವಿಧಿಸಿದ ಅರಸು

ಬಾದಾಮಿಯ ಎರಡನೆಯ ವಿಕ್ರಮಾದಿತ್ಯನ ಹೆಸರೆತ್ತಿದೊಡನೆ ನಮ್ಮ ಜನರ ಸ್ಮರಣೆಗೆ ಬರುವುದು ಕಂಚಿಯ ವಿಜಯ, ಇಲ್ಲವೆ ಪಟ್ಟದಕಲ್ಲಿನ ದೇವಾಲಯಗಳು. ಆದರೆ ಅವನ ಚರಿತ್ರದಲ್ಲಿ ಇವೆರಡಕ್ಕಿಂತಲೂ ಮನನಯೋಗ್ಯವಾದ ಮೂರನೆಯ ಸಂಗತಿಯೊಂದುಂಟು. ದಂಡಾಧಿಕಾರವನ್ನು ಕೈಯಲ್ಲಿ ಹಿಡಿದವನು ಯಾರಿಗೆ ಉತ್ತರವಾದಿ ಎಂಬ ಪ್ರಶ್ನೆಗೆ ಅದು ಸಂಬಂಧಿಸಿರುವುದರಿಂದ ವಾಚಕರ ಅವಗಾಹನೆಗೆ ತರಲಿಚ್ಛಿಸುತ್ತೇವೆ.

ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯನು ಕ್ರಿ. ಶ. 696ರಿಂದ 733ರ ವರೆಗೆ ಆಳಿದನು. ತಂದೆಯ ಆಳಿಕೆಯು ಇಷ್ಟು ದೀರ್ಘವಾದುದರಿಂದ ಮಗನಿಗೆ ಯುವರಾಜ ಪದವಿಯಲ್ಲಿಯೇ ರಾಜ್ಯಭಾರದ ಮರ್ಮವನ್ನರಿಯುವ ಅವಕಾಶ ದೊರೆಯಿತು. ಆಗಲೇ, ಸುಮಾರು 725ರಲ್ಲಿ, ಅವನು ಪೊರಿಗೆರೆಗೆ, ಎಂದರೆ ಈಗ ಗದಗ ಜಿಲ್ಲೆಯಲ್ಲಿರುವ ಲಕ್ಷ್ಮೇಶ್ವರಕ್ಕೆ, ಒಂದು ಆಚಾರವ್ಯವಸ್ಥೆಯನ್ನು ದಯಪಾಲಿಸಿದನು. ಅದನ್ನು ಪಡೆದವರು ಆ ಊರಿನ ಮಹಾಜನರು, ನಗರದವರು ಮತ್ತು ಹದಿನೆಂಟು ಪ್ರಕೃತಿಗಳು.

ಅಂದು ಪೋಲೀಸ್ ಎಂಬ ಪ್ರತ್ಯೇಕ ಖಾತೆಯಿರಲಿಲ್ಲ. ಅರಸನ ಹೆಸರಿನಲ್ಲಿ ಕಾಯುವವರೂ ದಂಡಿಸುವವರೂ ರಾಜಪುರುಷರೇ ಆಗಿದ್ದರು. ಯುವರಾಜನ ಶಾಸನವು ಪ್ರಜೆಗಳಿಗೆ ಮಾತ್ರ ಕಟ್ಟಳೆ ವಿಧಿಸಿ ಸುಮ್ಮನಾಗಲಿಲ್ಲ. ಈ ರಾಜಪುರುಷರ ಕರ್ತವ್ಯವನ್ನೂ ಎಣಿಸಿ ಹೇಳಿತು. ವಾಸಿಸುವವರಿಲ್ಲದ ಮನೆಗಳು, ಅರಸನ ದತ್ತಿಗಳು, ಸಜ್ಜನರ ಸಾಕ್ಷ್ಯ, ತಾಮ್ರಶಾಸನಗಳು, ಹಿಂದಿನಿಂದ ಅನುಭವಿಸುತ್ತ ಬಂದ ಸ್ವತ್ತು, ಇವೆಲ್ಲವನ್ನು ಅವರು ರಕ್ಷಿಸತಕ್ಕದ್ದು. ಪ್ರತಿಯೊಂದು ಮನೆಯವರು ವೈಶಾಖ ಮಾಸದಲ್ಲಿ ತಮ್ಮ ಶಕ್ತ್ಯನುಸಾರ ದೇಶಾಧಿಪತಿಗಳಿಗೆ ತೆರಿಗೆ ಕೊಡತಕ್ಕದ್ದು. ಹಬ್ಬದ ತೆರಿಗೆಯನ್ನು ಉತ್ತಮರಿಗೆ 10 ಪಣ, ಮಧ್ಯಮರಿಗೆ 7, ಅವರಿಗಿಂತ ಕೆಳಗಿನವರಿಗೆ 5 ಮತ್ತು 3 ಎಂದು ಗೊತ್ತುಪಡಿಸಲಾಯಿತು. ಕಳವು ಮೊದಲಾದ ಅಪರಾಧಗಳ ದಂಡವು ಕಾರ್ತಿಕ ಮಾಸದಲ್ಲಿ ಊರಿನ ಶ್ರೇಣಿಗೆ ಸಲ್ಲತಕ್ಕದ್ದೆಂದು ವಿಧಿಸಲಾಯಿತು.

ಈ ಕೊನೆಯ ಮಾತನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ದಂಡದ ಹಣವು ಹಿಡಿದವನ ಸಂಚಿಗೆ ಹೋಗುವಲ್ಲಿ ಅಪರಾಧಗಳಿಗೆ ಎಂದೂ ಬರಗಾಲವಿರುವುದಿಲ್ಲ. ಅದು ಊರಿಗೆ ಸಲ್ಲುವಲ್ಲಿ ಅಧಿಕಾರಿಗೆ ಅನ್ಯಾಯದ ಆಸೆ ಕಡಮೆಯಾಗುತ್ತದೆ. ಅಲ್ಲದೆ ಕಟ್ಟಳೆಯು ಕನ್ನಡದಲ್ಲಿ, ಕಲ್ಲಿನ ಮೇಲೆ, ಊರವರ ಕಣ್ಣೆದುರಿಗೇ ನಿಂತಿತ್ತು.

733ರಲ್ಲಿ ಪಟ್ಟಕ್ಕೆ ಬಂದ ವಿಕ್ರಮಾದಿತ್ಯನು ಪಲ್ಲವ ನಂದಿವರ್ಮನನ್ನು ಸೋಲಿಸಿ ಕಂಚಿಯನ್ನು ಪ್ರವೇಶಿಸಿದನು. ಗೆದ್ದ ಸೈನ್ಯಕ್ಕೆ ಸೋತ ಪಟ್ಟಣವು ಸೂರೆಯ ವಸ್ತುವೆಂಬುದೇ ಅಂದಿನ ರೂಢಿ. ಆತನಾದರೋ ಪಟ್ಟಣವನ್ನು ನಾಶಮಾಡಗೊಡದೆ, ರಾಜಸಿಂಹೇಶ್ವರ ದೇವಾಲಯದ ಧನವನ್ನು ದೇವರಿಗೇ ಮರಳಿಸಿದನು. ಆ ಸಂಗತಿಯನ್ನು ಸಾರುವ ಕನ್ನಡ ಶಾಸನವು ಅಲ್ಲಿ ಇಂದಿಗೂ ಇದೆ. ಪೊರಿಗೆರೆಯಲ್ಲಿ ತನ್ನ ಅಧಿಕಾರಿಗಳಿಗೆ ಎಲ್ಲೆಯನ್ನು ಹಾಕಿದವನೇ ಕಂಚಿಯಲ್ಲಿ ತನ್ನ ಸೈನ್ಯಕ್ಕೂ ಎಲ್ಲೆಯನ್ನು ಹಾಕಿದನು. ಈ ವಿಜಯದ ಸ್ಮಾರಕವಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದುದೇ ಈಗಿನ ವಿರೂಪಾಕ್ಷ ದೇವಾಲಯ. ಅವಳ ತಂಗಿ ತ್ರೈಲೋಕ್ಯಮಹಾದೇವಿಯು ಕಟ್ಟಿಸಿದುದು ಮಲ್ಲಿಕಾರ್ಜುನ ದೇವಾಲಯ. ಸುಮಾರು 745ರಲ್ಲಿ ವಿಕ್ರಮಾದಿತ್ಯನ ಆಳಿಕೆ ಮುಗಿಯಿತು. ಮಗ ಕೀರ್ತಿವರ್ಮನ ಕಾಲದಲ್ಲಿ ರಾಜ್ಯವು ರಾಷ್ಟ್ರಕೂಟರ ಪಾಲಾಯಿತು. ರಾಜ್ಯವು ಅಳಿಯಿತು, ಕಟ್ಟಳೆಯ ಕಲ್ಲು ಉಳಿಯಿತು.

ಅಂದಿನದು ಪ್ರಜಾರಾಜ್ಯವಾಗಿತ್ತೆಂದು ನಾವು ಹೇಳುವುದಿಲ್ಲ. ಅರಸನು ಕೊಟ್ಟುದನ್ನು ಪ್ರಜೆಗಳು ಪಡೆದರು, ಅಷ್ಟೇ. ಇಂದು ಪ್ರಜೆಯೇ ಒಡೆಯನು. ಪೋಲೀಸರ ಮೇಲಿನ ದೂರುಗಳನ್ನು ವಿಚಾರಿಸಲು ರಾಜ್ಯದಲ್ಲಿಯೂ ಜಿಲ್ಲೆಗಳಲ್ಲಿಯೂ ಪ್ರತ್ಯೇಕ ಪ್ರಾಧಿಕಾರಗಳಿರಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ಪ್ರಕಾಶ ಸಿಂಗರ ಖಟ್ಲೆಯಲ್ಲಿ ಆಜ್ಞಾಪಿಸಿತು. ಕರ್ನಾಟಕವು 2012ರಲ್ಲಿ ತನ್ನ ಪೋಲೀಸ್ ಕಾಯದೆಯನ್ನು ತಿದ್ದಿ ಅವಕ್ಕೆ ಸ್ಥಾನ ಕೊಟ್ಟಿತು. ಆದರೆ ಇಳಕಲ್ಲಿನ ನೇಕಾರನೋ ಹುನಗುಂದದ ಒಕ್ಕಲಿಗನೋ ಠಾಣೆಯಲ್ಲಿ ಅನ್ಯಾಯಕ್ಕೆ ಒಳಗಾದರೆ, ಈ ಬಾಗಿಲನ್ನು ತಟ್ಟಬಹುದೆಂಬುದನ್ನು ಅವನಿಗೆ ತಿಳಿಸಿದವರಾರು? ಕಾಯದೆಯು ಕಡತದಲ್ಲಿದ್ದರೆ ಅದು ಅಧಿಕಾರಿಯ ಸೊತ್ತು, ಜನರ ಕಣ್ಣೆದುರಿಗಿದ್ದರೆ ಜನರ ಸೊತ್ತು. ಪ್ರತಿಯೊಂದು ಠಾಣೆಯ ಬಾಗಿಲಲ್ಲಿಯೂ ದೂರು ಕೊಡುವ ಸ್ಥಳವನ್ನೂ ಕ್ರಮವನ್ನೂ ಸ್ಪಷ್ಟವಾದ ಕನ್ನಡದಲ್ಲಿ ಬರೆಯಿಸಿಡಬೇಕು. ಕರ್ತವ್ಯದಕ್ಷನಾದ ಪೋಲೀಸನಿಗೆ ಇದರಿಂದ ಭಯವಿಲ್ಲ. ಅವನ ಮಾನವೇ ಹೆಚ್ಚುವುದು. ಬಾಗಲಕೋಟೆ, ಬಾದಾಮಿಗಳ ಪೌರರು ಇದನ್ನು ಒಕ್ಕೊರಲಿನಿಂದ ಕೇಳಲಿ. ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದೆ ಒಬ್ಬ ಯುವರಾಜನು ಕೇಳದೆಯೇ ಕೊಟ್ಟುದನ್ನು ನಾವು ಕೇಳಿಯಾದರೂ ಪಡೆಯಬಾರದೆ?